ಇಂಟರ್ನೆಟ್ ಆ್ಯಪ್ ನಂಬಿ ಆಳಸಮುದ್ರಕ್ಕೆ ಹೋಗಬೇಡಿ, ಬೋಟಿಗೇ ರಿಸೀವರ್ ಹಾಕಿಸಿ

ಸಂಪಾದಕರಿಗೆ,

ಮಾನ್ಯರೇ,

ಹಡಗುಗಳ ಓಡಾಟ ತೋರಿಸುವ ಆ್ಯಪ್ ಒಂದನ್ನು ಅಗ್ಗದ ಟ್ಯಾಬ್ಲೆಟ್ಟಿಗೆ ಹಾಕಿಕೊಂಡು, ಇನ್ನು ಹಡಗು ಹತ್ತಿರ ಬಂದರೆ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ರಾತ್ರಿ ಬಲೆ ಬಿಡುವ ಬೋಟುಗಳು ನಮ್ಮ ಕರಾವಳಿಯಲ್ಲಿವೆ. ಈ ಧೈರ್ಯಕ್ಕೆ ಆಧಾರವಿಲ್ಲ. ಆ ಆ್ಯಪ್‌ಗಳು ದಡದಲ್ಲಿರುವ ಯಾರದೋ ರಿಸೀವರಿಗೆ ಸಿಕ್ಕ ಮಾಹಿತಿಯನ್ನು ಇಂಟರ್ನೆಟ್ ಮೂಲಕ ತಂದು ತೋರಿಸುತ್ತವೆ. ಮೊಬೈಲ್ ಸಿಗ್ನಲ್ ಹೋದ ಮೇಲೆ ಪರದೆಯಲ್ಲಿ ಉಳಿಯುವುದು ಹಳೆಯ ಚಿತ್ರ. ಸಿಗ್ನಲ್ ಇದ್ದಾಗಲೂ ಅಲ್ಲಿ ಕಾಣುವ ಸ್ಥಾನ ಹಲವು ನಿಮಿಷ, ಕೆಲವೊಮ್ಮೆ ಗಂಟೆಗಳಷ್ಟು ಹಳೆಯದಿರಬಹುದು. 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲು) ವೇಗದ ಹಡಗು 20 ನಿಮಿಷದಲ್ಲಿ 5 ನಾಟಿಕಲ್ ಮೈಲು ಬಂದಿರುತ್ತದೆ. ಬಲೆ ಎಳೆಯುತ್ತಿರುವ ಟ್ರಾಲ್ ಬೋಟಿಗೆ ಪಕ್ಕಕ್ಕೆ ಸರಿಯಲು ಅಷ್ಟು ಸಮಯವೂ ಹೆಚ್ಚೇನಲ್ಲ.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ ಕೇರಳದ ಬೇಪೂರಿನ ‘ರಬಾಹ್’ ಬೋಟಿಗೂ ‘ಎಪಿಎಲ್ ಲೆ ಹಾವ್ರ್’ ಎಂಬ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತವಾಗಿ ಸಿಕ್ಕವರು ಇಬ್ಬರೇ. ಮೊಬೈಲ್ ಜಾಲ ತಲುಪದ ಅಷ್ಟು ದೂರದಲ್ಲಿ ಇಂಟರ್ನೆಟ್ ಆ್ಯಪಿನಿಂದ ಯಾರಿಗೂ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಬೋಟಿನ ಮೇಲೆಯೇ ಇರುವ ಆಂಟೆನಾ ಮತ್ತು ಎಐಎಸ್ (ಹಡಗುಗಳು ತಮ್ಮ ಹೆಸರು, ಸ್ಥಾನಗಳನ್ನು ರೇಡಿಯೋದಲ್ಲಿ ತಾವೇ ಬಿತ್ತರಿಸುವ ವ್ಯವಸ್ಥೆ) ರಿಸೀವರ್. ಇವೆರಡಿದ್ದರೆ ಅದೇ ಅಗ್ಗದ ಟ್ಯಾಬ್ಲೆಟ್ ನಿಜವಾದ ಸಾಧನವಾಗುತ್ತದೆ. ಸ್ವಂತವಾಗಿ ಜೋಡಿಸಿಕೊಂಡರೆ ಟ್ಯಾಬ್ಲೆಟ್ಟೂ ಸೇರಿ ಸುಮಾರು 20 ಸಾವಿರ ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳು ದಕ್ಕೆಯಲ್ಲಿ ನಿಂತಿರುತ್ತವೆ. ಅಳವಡಿಕೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಎಐಎಸ್ ಕೆಲಸ ಮಾಡುವ ರೀತಿ ತಿಳಿದಿದ್ದರೆ ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನೇಜ್ ಅಥವಾ ಅದಕ್ಕಿಂತ ದೊಡ್ಡ ಹಡಗುಗಳು ಮತ್ತು ಎಲ್ಲ ಪ್ರಯಾಣಿಕ ಹಡಗುಗಳು ತಮ್ಮ ಸ್ಥಾನ, ವೇಗ, ದಿಕ್ಕುಗಳನ್ನು 161.975 ಮತ್ತು 162.025 ಮೆಗಾಹರ್ಟ್ಜ್ ಎಂಬ ಎರಡು ವಿಎಚ್‌ಎಫ್ ರೇಡಿಯೋ ಚಾನೆಲ್‌ಗಳಲ್ಲಿ ಸರದಿಯಂತೆ ಬಿತ್ತರಿಸುತ್ತಿರಬೇಕು. ಇವು ‘ಎ’ ದರ್ಜೆಯವು. 12.5 ವಾಟ್ ಶಕ್ತಿಯಲ್ಲಿ, ಚಲಿಸುವಾಗ ವೇಗಕ್ಕೆ ತಕ್ಕಂತೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ಕಳುಹಿಸುತ್ತವೆ. ಸಣ್ಣ ನೌಕೆಗಳ ಸಾಮಾನ್ಯ ‘ಬಿ’ ದರ್ಜೆಯ ಉಪಕರಣದ ಶಕ್ತಿ 2 ವಾಟ್, ಅದು ಚಲಿಸುವಾಗ 30 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಹಡಗಿನ ಹೆಸರು ಪ್ರತ್ಯೇಕ ಸಂದೇಶದಲ್ಲಿ 6 ನಿಮಿಷಕ್ಕೊಮ್ಮೆ ಬರುತ್ತದೆ. ಹಾಗಾಗಿ ಟ್ಯಾಬ್ಲೆಟ್ಟಿನಲ್ಲಿ ಮೊದಲು ಎಂಎಂಎಸ್‌ಐ ಎಂಬ, ನೌಕೆಯ 9 ಅಂಕಿಯ ಗುರುತು ಸಂಖ್ಯೆ ಮಾತ್ರ ಕಾಣಿಸಿ, ಹೆಸರು ಆಮೇಲೆ ಬಂದರೆ ಅದು ದೋಷವಲ್ಲ. 419ರಿಂದ ಶುರುವಾದ ಸಂಖ್ಯೆ ಭಾರತದ ನೌಕೆಯದು. ಹೆಸರು ಸಿಗುವುದೇ ಈ ವ್ಯವಸ್ಥೆಯ ದೊಡ್ಡ ಲಾಭ. ವಿಎಚ್‌ಎಫ್ 16ನೇ ಚಾನೆಲ್ಲಿನಲ್ಲಿ ‘ಬಲಗಡೆಯಿಂದ ಬರುತ್ತಿರುವ ಹಡಗೇ’ ಎಂದು ಕೂಗಿದರೆ ಯಾರೂ ತಮಗೆ ಎಂದುಕೊಳ್ಳುವುದಿಲ್ಲ, ಹೆಸರು ಹಿಡಿದು ಕರೆದರೆ ಕಾವಲಿನಲ್ಲಿರುವ ಅಧಿಕಾರಿ ಮೈಕ್ ಎತ್ತಿಕೊಳ್ಳುತ್ತಾನೆ.

ಎಷ್ಟು ದೂರದ ಹಡಗು ಸಿಗುತ್ತದೆ ಎನ್ನುವುದು ಆಂಟೆನಾಗಳ ಎತ್ತರದ ಮಾತು. ಎರಡೂ ಕಡೆಯ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲಗಳನ್ನು ಕೂಡಿಸಿ 2.2ರಿಂದ ಗುಣಿಸಿದರೆ ನಾಟಿಕಲ್ ಮೈಲಿನಲ್ಲಿ ಉತ್ತರ ಬರುತ್ತದೆ. ಬೋಟಿನ ಆಂಟೆನಾ 5 ಮೀಟರ್, ಹಡಗಿನದು 30 ಮೀಟರ್ ಎತ್ತರದಲ್ಲಿದ್ದರೆ ಸುಮಾರು 17 ಮೈಲು. 15 ನಾಟ್ ಹಡಗಿಗೆ ಅದು ಒಂದು ಗಂಟೆಗೂ ಮೀರಿದ ದಾರಿ. ಆಂಟೆನಾವನ್ನು ಕ್ಯಾಬಿನ್ನಿನೊಳಗೆ ಕಿಟಕಿಗೆ ಅಂಟಿಸಿದರೆ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಕಬ್ಬಿಣದ ಬೋಟಿನಲ್ಲಂತೂ ಹೊರಗೆ, ಮೇಲೆ, ಸುತ್ತ ಅಡ್ಡಿಯಿಲ್ಲದ ಜಾಗದಲ್ಲೇ ಅದು ನಿಲ್ಲಬೇಕು.

ಇನ್ನು ಸಾಮಾನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಓಡಾಡಿದರೆ ಇದರ ಬಹುಪಾಲು ಸಿಗುತ್ತದೆ, ಉಳಿದದ್ದನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ರಿಸೀವರಿಗೆ ಎರಡು ದಾರಿ. ಎಐಎಸ್‌ಗೆಂದೇ ಮಾಡಿದ, ವೈಫೈ ಇರುವ ಸಿದ್ಧ ಪೆಟ್ಟಿಗೆ ಒಂದು. ಇದಕ್ಕೆ ದುಡ್ಡು ಹೆಚ್ಚು, ತಲೆನೋವು ಕಡಿಮೆ. ಕೊಳ್ಳುವಾಗ ಎರಡೂ ಚಾನೆಲ್‌ಗಳನ್ನು ಏಕಕಾಲಕ್ಕೆ ಕೇಳುತ್ತದೆಯೇ ಎಂದು ನೋಡಬೇಕು. ಹಳೆಯ ಮಾದರಿಗಳು ಒಂದು ಚಾನೆಲ್ ಬಿಟ್ಟು ಇನ್ನೊಂದಕ್ಕೆ ಹಾರುತ್ತಾ ಅರ್ಧದಷ್ಟು ಸಂದೇಶ ಕಳೆದುಕೊಳ್ಳುತ್ತವೆ. ಎರಡನೆಯ ದಾರಿ, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಮತ್ತು ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್. ಚಾನೆಲ್‌ಗಳ ಅಂತರ 50 ಕಿಲೋಹರ್ಟ್ಜ್ ಮಾತ್ರ. ಆದ್ದರಿಂದ ಡಾಂಗಲನ್ನು 162.000ರಲ್ಲಿ ಇಟ್ಟರೆ ಎರಡೂ ಒಟ್ಟಿಗೆ ಸಿಗುತ್ತವೆ.

ಡಾಂಗಲ್ ಆರಿಸುವಾಗ ಎಚ್ಚರ ಬೇಕು. ತೀರಾ ಅಗ್ಗದವುಗಳಲ್ಲಿ ತರಂಗಾಂಕವನ್ನು ಹಿಡಿದಿಡುವ ಹರಳಿನ ತಪ್ಪು ದಶಲಕ್ಷಕ್ಕೆ 50ರವರೆಗೂ ಇರುತ್ತದೆ. 162 ಮೆಗಾಹರ್ಟ್ಜ್‌ನಲ್ಲಿ ಅದು 8 ಕಿಲೋಹರ್ಟ್ಜ್ ಆಚೀಚೆ, ಸಂದೇಶಗಳು ಒಂದೂ ಬಿಡಿಸಿಕೊಳ್ಳದಿರಲು ಅಷ್ಟು ಸಾಕು. ಜತೆಗೆ ಬಿಸಿಯಾದಂತೆ ತಪ್ಪು ಸರಿಯುತ್ತಾ ಹೋಗುತ್ತದೆ. ಬೆಳಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ಸತ್ತಂತಾಗುವುದಕ್ಕೆ ಇದೇ ಕಾರಣ. ಟಿಸಿಎಕ್ಸ್‌ಒ (ಬಿಸಿಯಾದರೂ ಹೆಚ್ಚು ಸರಿಯದ ಹರಳು) ಎಂದು ಬರೆದ, ಲೋಹದ ಹೊದಿಕೆಯ ಡಾಂಗಲ್ಲಿಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಲ್ಲ. ಮಂಗಳೂರಿನಂಥ ಊರಿನ ಹತ್ತಿರ ಎಫ್‌ಎಂ ಕೇಂದ್ರಗಳ ಅಬ್ಬರಕ್ಕೆ ಡಾಂಗಲ್ ಕಿವುಡಾದರೆ 88–108 ಮೆಗಾಹರ್ಟ್ಜ್ ತಡೆಯುವ ಸಣ್ಣ ಫಿಲ್ಟರ್ ಸೇರಿಸಬೇಕು.

ಪೈ ಮೇಲೆ ಎಐಎಸ್-ಕ್ಯಾಚರ್ ಎಂಬ ಉಚಿತ ತಂತ್ರಾಂಶ ಹಾಕಿ, ಪೈಯನ್ನೇ ವೈಫೈ ಹಾಟ್‌ಸ್ಪಾಟ್ ಮಾಡಿಕೊಳ್ಳಬೇಕು. ನೆಟ್‌ವರ್ಕ್ ಮ್ಯಾನೇಜರ್ ಮೂಲಕ ಮಾಡಿದ ಹಾಟ್‌ಸ್ಪಾಟಿನಲ್ಲಿ ಪೈ ವಿಳಾಸ ಸಾಮಾನ್ಯವಾಗಿ 10.42.0.1 ಆಗಿರುತ್ತದೆ. ಬಿಡಿಸಿದ ಸಂದೇಶಗಳನ್ನು 10.42.0.255 ವಿಳಾಸದ 10110 ಪೋರ್ಟಿಗೆ ಯುಡಿಪಿ ಎಂಬ ವಿಧಾನದಲ್ಲಿ ಕಳುಹಿಸಿದರೆ ಜಾಲದಲ್ಲಿರುವ ಎಲ್ಲ ಟ್ಯಾಬ್ಲೆಟ್ಟುಗಳಿಗೂ ತಲುಪುತ್ತದೆ. ಕೆಲವು ಅಗ್ಗದ ಟ್ಯಾಬ್ಲೆಟ್ಟುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಇಂಥ ಬಿತ್ತರಣೆಯನ್ನು ಕೈಬಿಡುತ್ತವೆ. ಹಾಗಾದರೆ ಪೈಯಲ್ಲಿ ಟಿಸಿಪಿ ಸರ್ವರ್ ತೆರೆದು, ಟ್ಯಾಬ್ಲೆಟ್ಟೇ ಪೈಗೆ ಸಂಪರ್ಕಿಸುವಂತೆ ಮಾಡಬೇಕು. ಬೋಟಿನಲ್ಲಿ ಯಾರೂ ಪೈಯನ್ನು ಕ್ರಮಬದ್ಧವಾಗಿ ಆರಿಸುವುದಿಲ್ಲ, ಮೇನ್ ಸ್ವಿಚ್ ಎಳೆದುಬಿಡುತ್ತಾರೆ. ಅದರಿಂದ ಮೆಮೊರಿ ಕಾರ್ಡ್ ಕೆಡುತ್ತದೆ. ಎಲ್ಲ ಹೊಂದಿಸಿ ಮುಗಿದ ಮೇಲೆ ಪೈಯ ಸೆಟ್ಟಿಂಗ್ ತಂತ್ರಾಂಶವಾದ ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಚಾಲೂ ಮಾಡಿದರೆ ಕಾರ್ಡಿಗೆ ಬರೆಯುವುದು ನಿಂತು ಈ ಕಾಟ ತಪ್ಪುತ್ತದೆ. ಹೀಗೆ ಮಾಡದೆ ಬೆಂಗಳೂರಿನಲ್ಲಿ ಜೋಡಿಸಿದವರು ಕರಾವಳಿಗೆ ಪಾರ್ಸೆಲ್ ಕಳುಹಿಸಲೇಬಾರದು.

ಡಾಂಗಲನ್ನು ಒಟಿಜಿ ಕೇಬಲಿನಲ್ಲಿ ನೇರ ಟ್ಯಾಬ್ಲೆಟ್ಟಿಗೇ ಸಿಕ್ಕಿಸಬಾರದೇ ಎಂದು ಕೇಳುವವರಿದ್ದಾರೆ. ಸಿಕ್ಕಿಸಬಹುದು, ಆಂಡ್ರಾಯ್ಡ್‌ಗೂ ಎಐಎಸ್-ಕ್ಯಾಚರ್ ಇದೆ. ಆದರೆ ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಹೆಚ್ಚಿನವು ಒಟಿಜಿ ಸಾಧನ ಇರುವಾಗ ಚಾರ್ಜ್ ಆಗುವುದಿಲ್ಲ, ಡಾಂಗಲ್ಲೇ 300 ಮಿಲಿಆಂಪಿಯರ್ ಹತ್ತಿರ ಎಳೆಯುತ್ತದೆ. ಹತ್ತು ದಿನ ಕಡಲಲ್ಲಿರುವ ಬೋಟಿಗೆ ಅದು ಹೊಂದದು.

ಆಂಟೆನಾ ವಿಷಯದಲ್ಲಿ ಚೌಕಾಸಿ ಬೇಡ. 162 ಮೆಗಾಹರ್ಟ್ಜ್‌ನ ತರಂಗಾಂತರ 1.85 ಮೀಟರ್. ಕಾಲು ತರಂಗದ ಸರಳಿಗೆ ತುಂಡರಿಸುವ ಅಳತೆ ಸುಮಾರು 44 ಸೆಂಟಿಮೀಟರ್, ಕೆಳಗೆ ಅಷ್ಟೇ ಉದ್ದದ ನಾಲ್ಕು ಕಡ್ಡಿಗಳು ಓರೆಯಾಗಿ ಇಳಿದಿರಬೇಕು. ಡಾಂಗಲ್ ಜತೆ ಬರುವ ಟಿವಿ ಆಂಟೆನಾ ಮೇಜಿನ ಮೇಲಿನ ಪರೀಕ್ಷೆಗಷ್ಟೇ. ಕೇಬಲ್ ಆರ್‌ಜಿ-58 ಆದರೆ 10 ಮೀಟರಿಗೆ ಸುಮಾರು 2 ಡೆಸಿಬೆಲ್ ನಷ್ಟ, ಆರ್‌ಜಿ-213ರಲ್ಲಿ ಅದರ ಅರ್ಧ. ತೆಳ್ಳನೆಯ ಆರ್‌ಜಿ-174ರಲ್ಲಿ ಆರ್‌ಜಿ-58ರ ಸುಮಾರು ಎರಡು ಪಟ್ಟು, ಅದನ್ನು ಒಂದು ಅಡಿಗಿಂತ ಉದ್ದ ಬಳಸಬಾರದು. ಡಿಶ್ ಟಿವಿಯ ಆರ್‌ಜಿ-6 ಕೇಬಲ್ 75 ಓಮಿನದಾದರೂ ಬರೀ ಆಲಿಸುವ ಕೆಲಸಕ್ಕೆ ವಿದ್ಯುತ್ ಲೆಕ್ಕದಲ್ಲಿ ತೊಂದರೆ ಕೊಡುವುದಿಲ್ಲ. ಆದರೆ ಅದರ ಅಲ್ಯುಮಿನಿಯಂ ಜಾಲರಿಗೆ ಬೆಸುಗೆ ಹಿಡಿಯದು, ಉಪ್ಪುಗಾಳಿಗೆ ಬೇಗ ಪುಡಿಯಾಗುತ್ತದೆ. ತಾಮ್ರದ ಜಾಲರಿಯದೇ ಇರಲಿ. ಕನೆಕ್ಟರಿನ ಮೇಲೆ ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪ್ ಸುತ್ತಬೇಕು. ಕ್ಯಾಬಿನ್ನಿನೊಳಗೆ ನುಗ್ಗುವ ಮುನ್ನ ಕೇಬಲ್ ಒಮ್ಮೆ ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಡಾಂಗಲಿನ ಪುಟ್ಟ ಎಸ್‌ಎಂಎ ಸಾಕೆಟ್ಟಿಗೆ ದಪ್ಪ ಕೇಬಲಿನ ಭಾರ ಬಿದ್ದರೆ ಎಂಜಿನ್ ಅದುರಾಟಕ್ಕೆ ಕಿತ್ತು ಬರುತ್ತದೆ. ನಡುವೆ ಒಂದು ಚಿಕ್ಕ ಮೆದು ತುಂಡು ಕೊಟ್ಟು ದಪ್ಪ ಕೇಬಲನ್ನು ಗೋಡೆಗೆ ಬಿಗಿಯಬೇಕು.

ಬೋಟಿನ ವಿಎಚ್‌ಎಫ್ ಸೆಟ್ಟಿನ ಆಂಟೆನಾಕ್ಕೇ ‘ಟಿ’ ಕನೆಕ್ಟರ್ ಹಾಕಿ ರಿಸೀವರ್ ಜೋಡಿಸುವವರು ದಯವಿಟ್ಟು ಹಾಗೆ ಮಾಡಬೇಡಿ. ಬೋಟು ನಡೆಸುವ ತಾಂಡೇಲರು ಮೈಕ್ ಒತ್ತಿದ ಕ್ಷಣ 25 ವಾಟ್ ನೇರ ರಿಸೀವರಿಗೆ ನುಗ್ಗಿ ಸುಟ್ಟುಹಾಕುತ್ತದೆ. ಅದಕ್ಕೆಂದೇ ಮಾಡಿದ ಎಐಎಸ್ ಸ್ಪ್ಲಿಟರ್ ಇದ್ದರೆ ಸರಿ, ಇಲ್ಲವಾದರೆ ಬೇರೆ ಆಂಟೆನಾ, ಎರಡರ ನಡುವೆ ಕನಿಷ್ಠ ಒಂದು ಮೀಟರ್ ಅಂತರ.

ಕರೆಂಟಿನ ಕಡೆಯಿಂದ ಬರುವ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಬೋಟಿನ ಬ್ಯಾಟರಿ 12 ಅಥವಾ 24 ವೋಲ್ಟ್. ಸ್ಟಾರ್ಟರ್ ತಿರುಗಿದಾಗ ಅದು ಕುಸಿಯುತ್ತದೆ, ಆಲ್ಟರ್ನೇಟರ್ ಹಿಡಿದಾಗ ಜಿಗಿಯುತ್ತದೆ. 9ರಿಂದ 36 ವೋಲ್ಟ್ ತಡೆಯುವ, 5 ವೋಲ್ಟ್ 3 ಆಂಪಿಯರ್ ಕೊಡುವ ಕನ್ವರ್ಟರ್ ಬೇಕು, ಬ್ಯಾಟರಿಯ ಹತ್ತಿರ ಸರಿಯಾದ ಫ್ಯೂಸ್ ಬೇಕು. ಕಾರಿನ ಅಗ್ಗದ ಚಾರ್ಜರುಗಳು ವಿಎಚ್‌ಎಫ್ ತರಂಗಗಳಲ್ಲೇ ಗದ್ದಲ ಉಗುಳುತ್ತವೆ. ಹಡಗುಗಳು ಹತ್ತು ಮೈಲಿನಿಂದ ಕಾಣುತ್ತಿದ್ದವು, ಚಾರ್ಜರ್ ಸಿಕ್ಕಿಸಿದ ಕೂಡಲೇ ಮೂರು ಮೈಲಿಗೆ ಇಳಿದವು ಎಂದರೆ ತಪ್ಪು ಅಲ್ಲೇ ಇದೆ. ಪರೀಕ್ಷೆ ಸುಲಭ: ನಿಮಿಷಕ್ಕೆ ಬರುವ ಸಂದೇಶಗಳನ್ನು ಎಣಿಸಿ, ಚಾರ್ಜರ್ ಕಿತ್ತು ಮತ್ತೆ ಎಣಿಸಿ. ಎಣಿಕೆ ಏರಿದರೆ ಚಾರ್ಜರನ್ನು ಬದಲಿಸಬೇಕು, ಅಥವಾ ತಂತಿಗೆ ಗದ್ದಲ ತಡೆಯುವ ಫೆರೈಟ್ ಕ್ಲಿಪ್ ಹಾಕಿ ಆಂಟೆನಾ ಕೇಬಲಿನಿಂದ ದೂರ ಒಯ್ಯಬೇಕು. ಎಲ್‌ಇಡಿ ದೀಪಗಳಿಗೂ ಇದೇ ಪರೀಕ್ಷೆ.

ಟ್ಯಾಬ್ಲೆಟ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಜಿಪಿಎಸ್ ಇದೆಯೇ ಎಂದು. ವೈಫೈ ಮಾತ್ರ ಇರುವ ಅಗ್ಗದ ಮಾದರಿಗಳಲ್ಲಿ ಹಲವಕ್ಕೆ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಊರಲ್ಲಿ ವೈಫೈ ನೋಡಿ ಸ್ಥಾನ ಊಹಿಸಿ ತೋರಿಸುತ್ತವೆ, ಕಡಲಲ್ಲಿ ಬಾಯಿ ಮುಚ್ಚುತ್ತವೆ. ನಮ್ಮ ಸ್ಥಾನ ತಿಳಿಯದಿದ್ದರೆ ಹಡಗು ಎಷ್ಟು ಹತ್ತಿರ ಬಂದೀತು ಎಂಬ ಲೆಕ್ಕ ಹಾಕಲಾಗದು, ಎಚ್ಚರಿಕೆಯ ಗಂಟೆಯೂ ಹೊಡೆಯದು. ಪರದೆಯಲ್ಲಿ ಹಡಗುಗಳು ಎಂದಿನಂತೆ ಚಲಿಸುತ್ತಿರುವುದರಿಂದ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ. ಈ ಇಡೀ ಏರ್ಪಾಟಿನಲ್ಲಿ ಅತಿ ಅಪಾಯದ ದೋಷ ಇದು. ಪೈಗೆ ಒಂದು ಯುಎಸ್‌ಬಿ ಜಿಪಿಎಸ್ ಸೇರಿಸಿ ಅದರ ಮಾಹಿತಿಯನ್ನೂ ಅದೇ ವೈಫೈಯಲ್ಲಿ ಕಳುಹಿಸಿದರೆ ಟ್ಯಾಬ್ಲೆಟ್ ಯಾವುದಿದ್ದರೂ ನಡೆಯುತ್ತದೆ. ಪೈ ಝೀರೊದಲ್ಲಿ ಯುಎಸ್‌ಬಿ ಸಾಧನಕ್ಕೆ ಒಂದೇ ಕಿಂಡಿ ಇರುವುದರಿಂದ ಸಣ್ಣ ಹಬ್ ಬೇಕಾಗುತ್ತದೆ.

ನಕ್ಷೆ ತೋರಿಸಲು ಓಪನ್‌ಸಿಪಿಎನ್ ಎಂಬ ಆ್ಯಪ್ ಒಳ್ಳೆಯದು. ಅದರ ಕನೆಕ್ಷನ್ಸ್ ಪುಟದಲ್ಲಿ ನೆಟ್‌ವರ್ಕ್, ಯುಡಿಪಿ, ವಿಳಾಸ 0.0.0.0, ಪೋರ್ಟ್ 10110 ಎಂದು ಕೊಟ್ಟರೆ ಹಡಗುಗಳು ತ್ರಿಕೋನಗಳಾಗಿ ಬರುತ್ತವೆ. ಇಂಟರ್ನೆಟ್ ಇಲ್ಲದ ವೈಫೈ ಎಂದು ಆಂಡ್ರಾಯ್ಡ್ ಕೇಳಿದಾಗ ‘ಸಂಪರ್ಕದಲ್ಲೇ ಇರು’ ಎಂದು ಒತ್ತಬೇಕು, ಮೊಬೈಲ್ ಡೇಟಾಕ್ಕೆ ತಾನಾಗಿ ಹಾರುವ ಸೌಲಭ್ಯವನ್ನು ಆಫ್ ಮಾಡಬೇಕು. ಇಲ್ಲವಾದರೆ ದಡದ ಹತ್ತಿರ ಹಡಗುಗಳು ಇದ್ದಕ್ಕಿದ್ದಂತೆ ಮಾಯವಾಗುತ್ತವೆ. ಬ್ಯಾಟರಿ ಆಪ್ಟಿಮೈಸೇಶನ್ ಪಟ್ಟಿಯಿಂದ ಓಪನ್‌ಸಿಪಿಎನ್ ಹೊರಗಿರಲಿ, ಪರದೆ ಆರದಿರಲಿ.

ಎಚ್ಚರಿಕೆಗೆ ಎರಡು ಅಂಕಿ ಕೊಡಬೇಕು: ಹಡಗು ನಮ್ಮಿಂದ ಎಷ್ಟು ಹತ್ತಿರ ಹಾದುಹೋಗುತ್ತದೆ, ಎಷ್ಟು ನಿಮಿಷದಲ್ಲಿ. ಆಳಸಮುದ್ರದಲ್ಲಿ ಟ್ರಾಲ್ ಎಳೆಯುವವರಿಗೆ 1 ಮೈಲು ಮತ್ತು 30 ನಿಮಿಷ ಸರಿ. ಪಣಂಬೂರಿನ ನವಮಂಗಳೂರು ಬಂದರಿನ ಮುಂದೆ ಅದೇ ಅಂಕಿ ಇಟ್ಟರೆ ಗಂಟೆ ಹೊಡೆಯುತ್ತಲೇ ಇರುತ್ತದೆ, ಬೇಸತ್ತು ಯಾರೋ ಶಬ್ದ ಆರಿಸುತ್ತಾರೆ, ಮತ್ತೆ ಹಾಕಲು ಮರೆಯುತ್ತಾರೆ. ಅಲ್ಲಿ ಅರ್ಧ ಮೈಲು, 10 ನಿಮಿಷಕ್ಕೆ ಇಳಿಸಿ, ಲಂಗರು ಹಾಕಿದ ಹಡಗುಗಳಿಗೆ ಗಂಟೆ ಬೇಡ ಎಂದು ಗುರುತು ಹಾಕಿದರೆ ಸಾಕು. ಟ್ಯಾಬ್ಲೆಟ್ಟಿನ ಸ್ಪೀಕರ್ ಡೀಸೆಲ್ ಎಂಜಿನ್ ಸದ್ದಿನ ಮುಂದೆ ಕೇಳಿಸದು. ಕ್ಯಾಬಿನ್ನಿನಲ್ಲಿ ಜೋರಾದ ಸ್ಪೀಕರ್ ಪ್ರತ್ಯೇಕ ಇರಬೇಕು.

ಪರದೆ ಬಿಸಿಲಲ್ಲಿ ಕಪ್ಪಾಗುತ್ತದೆ, ಕಿಟಕಿಯ ಬಿಸಿಲಿಗೆ ಕಾದರೆ ಚಾರ್ಜ್ ಆಗುವುದು ನಿಲ್ಲುತ್ತದೆ. ನೆರಳಿನಲ್ಲಿ, ಹಿಂದೆ ಗಾಳಿಯಾಡುವಂತೆ ಕೂರಿಸಿ. ಒದ್ದೆ ಬೆರಳಿಗೂ ಉಪ್ಪುನೀರಿನ ಹನಿಗೂ ಪರದೆ ತಾನಾಗಿ ಒತ್ತಿಕೊಂಡು ಸೆಟ್ಟಿಂಗ್ ಬದಲಾಗಬಹುದು, ಒಂದು ಒಣಬಟ್ಟೆ ಹತ್ತಿರ ಇರಲಿ. ಟ್ಯಾಬ್ಲೆಟ್ಟಿನ ಒಳಗಿನ ದಿಕ್ಸೂಚಿಯನ್ನು ಕಬ್ಬಿಣದ ನಡುವೆ ನಂಬುವಂತಿಲ್ಲ.

ನಕ್ಷೆಯ ಬಗ್ಗೆ ಒಂದು ಮಾತು. ನಮ್ಮ ಕಡಲಿನ ಅಧಿಕೃತ ನಕ್ಷೆಗಳನ್ನು ಹೊರಡಿಸುವುದು ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ. ಉಚಿತವಾಗಿ ಸಿಗುವ ಬೇರೆ ನಕ್ಷೆಗಳನ್ನು ಹಡಗುಗಳ ಹಿಂದಿನ ಹಾಸಾಗಿ ಬಳಸಿ, ಆಳ ಅಳೆಯಲು ಬಳಸಬೇಡಿ. ಗಂಗೊಳ್ಳಿ, ಹೊನ್ನಾವರ, ಮಂಗಳೂರಿನ ಅಳಿವೆಗಳಲ್ಲಿ ಮರಳುದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಅಲ್ಲಿ ಯಾವ ಪರದೆಗಿಂತಲೂ ಸ್ಥಳೀಯ ತಾಂಡೇಲರ ಕಣ್ಣೇ ಮೇಲು.

ಬೆಂಗಳೂರಿನಲ್ಲಿ ಜೋಡಿಸುವವರಿಗೆ ಇಲ್ಲಿ ಎಐಎಸ್ ಸಂಕೇತ ಸಿಗದಿರುವುದು ತೊಡಕು, ಕಡಲು ಅಷ್ಟು ದೂರ. ಮೊದಲೇ ದಾಖಲಿಸಿದ ಸಂದೇಶಗಳ ಕಡತವನ್ನು ಪೈಯಿಂದ ಹರಿಸಿದರೆ ವೈಫೈ, ಟ್ಯಾಬ್ಲೆಟ್, ಗಂಟೆ ಇಷ್ಟನ್ನೂ ಮೇಜಿನ ಮೇಲೇ ಪರೀಕ್ಷಿಸಬಹುದು. ಡಾಂಗಲಿನ ಹರಳಿನ ತಪ್ಪನ್ನು 2ಜಿ ಮೊಬೈಲ್ ಟವರಿನ ಸಂಕೇತ ಹಿಡಿದು ಅಳೆಯಬಹುದು. ಆಂಟೆನಾ ಪರೀಕ್ಷೆ ಮಾತ್ರ ದಕ್ಕೆಯಲ್ಲೇ ಆಗಬೇಕು. ಮಂಗಳೂರಿನಲ್ಲಾದರೆ ಲಂಗರು ಹಾಕಿದ ಹಡಗುಗಳು ಸಿಗುತ್ತವೆ. ಅವು 3 ನಿಮಿಷಕ್ಕೊಮ್ಮೆ ಕಳುಹಿಸುವುದರಿಂದ ಹತ್ತು ನಿಮಿಷ ಕಾದು ನೋಡಿ ತೀರ್ಮಾನಿಸಬೇಕು.

ರಿಸೀವರ್ ನಮಗೆ ಹಡಗನ್ನು ತೋರಿಸುತ್ತದೆ, ಹಡಗಿಗೆ ನಮ್ಮನ್ನು ತೋರಿಸುವುದಿಲ್ಲ. ಎಐಎಸ್ ಇಲ್ಲದ ನಾಡದೋಣಿಗಳು ಇದರಲ್ಲಿ ಬರುವುದಿಲ್ಲ, ನೌಕಾಪಡೆಯ ನೌಕೆಗಳು ಬಿತ್ತರಿಸದೆಯೂ ಇರಬಹುದು. ಕಣ್ಣು ಕಿವಿಗಳಿಂದ ಕಾವಲು ಕಾಯಬೇಕೆಂಬ 1972ರ ಡಿಕ್ಕಿ ತಡೆ ನಿಯಮಾವಳಿಯ 5ನೇ ನಿಯಮ ಯಾವ ಉಪಕರಣದಿಂದಲೂ ರದ್ದಾಗುವುದಿಲ್ಲ. ಟ್ರಾಲ್ ಎಳೆಯುವಾಗ ಬಿಳಿಯ ಮೇಲೆ ಹಸಿರು ದೀಪ, ಬೇರೆ ಬಲೆಗಾದರೆ ಬಿಳಿಯ ಮೇಲೆ ಕೆಂಪು ದೀಪ ಉರಿಯುತ್ತಿರಲೇಬೇಕು. ಬಲೆಯ ತುದಿಗೆ ಕಟ್ಟುವ ಅಗ್ಗದ ಎಐಎಸ್ ಬೀಕನ್‌ಗಳನ್ನು ಮಾತ್ರ ಕೊಳ್ಳಬೇಡಿ. ಅವು ಮನಸ್ಸಿಗೆ ಬಂದ ಸಂಖ್ಯೆ ಹಾಕಿಕೊಂಡು ನೌಕೆಗಳಂತೆ ತೋರಿ ಎಲ್ಲರ ಪರದೆ ಕೆಡಿಸುತ್ತವೆ. ಬಿತ್ತರಿಸುವ ಯಾವ ಉಪಕರಣಕ್ಕೂ ಪರವಾನಗಿ ಮತ್ತು ಅಧಿಕೃತ ಸಂಖ್ಯೆ ಬೇಕು.

2024ರ ಆಗಸ್ಟ್ 30ರಂದು ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಡಿ ದೇಶದ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೋ ರೂಪಿಸಿದ ಉಪಗ್ರಹ ಟ್ರಾನ್ಸ್‌ಪಾಂಡರ್ ಹಂತಹಂತವಾಗಿ ಕೊಡಲಾಗುತ್ತಿದೆ. ಅದು ದಡಕ್ಕೆ ಸಂದೇಶ ಕಳುಹಿಸಲು, ಅಪಾಯದಲ್ಲಿ ಕರೆಯಲು, ಹವಾಮಾನದ ಎಚ್ಚರಿಕೆ ಪಡೆಯಲು ಬಹಳ ಬೆಲೆಯುಳ್ಳದ್ದು. ಎದುರು ಬರುತ್ತಿರುವ ಸರಕು ಹಡಗಿನ ಎಐಎಸ್ ಆಲಿಸುವುದು ಬೇರೆಯೇ ಕೆಲಸ. ಒಂದಿದ್ದರೆ ಇನ್ನೊಂದು ಬೇಡ ಎಂದು ಯಾರೂ ಭಾವಿಸಬಾರದು.

ಬೆಂಗಳೂರಿನಲ್ಲಿರುವ ಮೀನುಗಾರಿಕೆ ನಿರ್ದೇಶನಾಲಯಕ್ಕೆ ನಮ್ಮ ಬೇಡಿಕೆ ಇಷ್ಟು. ಮತ್ಸ್ಯ ಸಂಪದ ಯೋಜನೆಯಲ್ಲಿ ಸಂಪರ್ಕ ಸಾಧನಗಳಿಗೆ ನೆರವಿದೆ. ಆ ಪಟ್ಟಿಗೆ ಎರಡೂ ಚಾನೆಲ್ ಆಲಿಸುವ ಎಐಎಸ್ ರಿಸೀವರ್, ಹೊರಗೆ ನಿಲ್ಲಿಸುವ ಆಂಟೆನಾ ಮತ್ತು 20 ಮೀಟರ್ ತಾಮ್ರದ ಜಾಲರಿಯ ಕೇಬಲ್ ಸೇರಲಿ. ಟ್ಯಾಬ್ಲೆಟ್ಟಿಗೆ ಸಹಾಯಧನ ಬೇಡ, ಅದನ್ನು ಬೋಟಿನವರು ತಾವೇ ಕೊಳ್ಳುತ್ತಾರೆ. ಜೂನ್, ಜುಲೈ ತಿಂಗಳಲ್ಲಿ ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರ ಬಂದರುಗಳಲ್ಲಿ ಸ್ಥಳೀಯ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಂದ ಕನೆಕ್ಟರ್ ಬೆಸುಗೆ, ಚಾರ್ಜರ್ ಗದ್ದಲದ ಪರೀಕ್ಷೆ, ಗಂಟೆಯ ಅಂಕಿ ಹೊಂದಿಸುವ ಕೆಲಸ ಮಾಡಿಸಲಿ. ಪ್ರತಿ ಬೋಟಿನ ಕ್ಯಾಬಿನ್ನಿನಲ್ಲಿ ಆ ಅಂಕಿಗಳನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಲ್ಯಾಮಿನೇಟ್ ಮಾಡಿ ಟ್ಯಾಬ್ಲೆಟ್ಟಿನ ಪಕ್ಕ ಅಂಟಿಸಲಿ.

— ಕಡಲ ಎಲೆಕ್ಟ್ರಾನಿಕ್ಸ್ ಕಸುಬಿನ ಓದುಗರು, ರಾಜಾಜಿನಗರ, ಬೆಂಗಳೂರು